ಒಳಗೆ ಬಿಟ್ಟ ಬಟ್ಟೆ

ಫೆಬ್ರವರಿ 11

ಅಪ್ಪ,

ಕ್ಷೇಮ ಎಂದು ಶುರು ಮಾಡಿದರೆ ಮೊದಲ ಸಾಲೇ ಸುಳ್ಳಾಗುತ್ತದೆ, ಅದಕ್ಕೆ ಬಿಟ್ಟಿದ್ದೇನೆ. ಎರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ಹೊಲಿಗೆ ಮೆಷಿನ್ನಿನ ಸದ್ದಿಗೆ ನಿಮ್ಮ ಕಿವಿ ಹೋಗಿ ಬಹಳ ಕಾಲವಾಯಿತು. ನಾನು ಇಲ್ಲಿ ಕೂಗಿದರೆ ನಿಮ್ಮೊಬ್ಬರನ್ನು ಬಿಟ್ಟು ಇಡೀ ಕಟ್ಟಡಕ್ಕೆ ಕೇಳುತ್ತದೆ. ಇದು ಕೂಗಿ ಹೇಳುವ ವಿಷಯವೂ ಅಲ್ಲ.

ನನಗೆ ಇನ್ನೊಂದು ಆಪರೇಷನ್ ಆಯಿತು. ಮೊದಲನೆಯದು, ಹೊಟ್ಟೆಯ ಚೀಲ ಚಿಕ್ಕದು ಮಾಡಿಸಿಕೊಂಡದ್ದು, ನಿಮಗೆ ಗೊತ್ತು. ಗೊತ್ತಾದ ದಿನ ಅಂಗಡಿಯಲ್ಲಿ ಗಿರಾಕಿಗಳ ಮುಂದೆ ನೀವು ಆಡಿದ ಮಾತೂ ನನಗೆ ನೆನಪಿದೆ. "ಬಾಯಿ ಕಟ್ಟೋಕಾಗದವನು ಹೊಟ್ಟೆ ಕೊಯ್ಸಿಕೊಂಡು ಬಂದಿದಾನೆ ನೋಡಿ" ಅಂದಿರಿ. ಎಲ್ಲರೂ ನಕ್ಕರು. ನಾನು ಅಂದೇ ಹೊರಟು ಬಂದೆ.

ಆ ಆಪರೇಷನ್ನಿನಿಂದ ಮೈ ಅರ್ಧಕ್ಕರ್ಧ ಇಳಿಯಿತು. ಚರ್ಮ ಇಳಿಯಲಿಲ್ಲ. ಹೊಟ್ಟೆಯ ಚರ್ಮ ಖಾಲಿ ಚೀಲದ ಹಾಗೆ ತೊಡೆಯ ಮೇಲೆ ಜೋತು ಬೀಳುತ್ತಿತ್ತು. ಬೆಳಿಗ್ಗೆ ಪ್ಯಾಂಟು ಹಾಕುವಾಗ ಅದನ್ನು ಕೈಯಿಂದ ಮಡಿಸಿ ಒಳಗೆ ತುರುಕಬೇಕಿತ್ತು. ಮಡಿಕೆಯ ಕೆಳಗೆ ಬೆವರು ನಿಂತು ಹುಣ್ಣಾಗಿ ವಾಸನೆ ಬರುತ್ತಿತ್ತು. ಟಿಕೆಟ್ ಕೌಂಟರಿನ ಗಾಜಿನ ಹಿಂದೆ ಕೂರುವವನು ಎದೆಯಿಂದ ಮೇಲೆ ಮಾತ್ರ ಕಾಣುತ್ತಾನೆ, ಅದೊಂದು ಪುಣ್ಯ. "ಏನ್ ಸಾರ್, ಗುರುತೇ ಸಿಗಲ್ಲ ಹಂಗೆ ಇಳಿದುಹೋಗಿದೀರಿ" ಎಂದು ಜನ ಹೊಗಳುತ್ತಿದ್ದರು. ಮೇಜಿನ ಕೆಳಗೆ ನಾನು ಪೌಡರು ಮೆತ್ತಿಕೊಂಡು ಕೂತಿರುತ್ತಿದ್ದೆ.

ಈಗ ಆ ಚರ್ಮವನ್ನು ತೆಗೆಸಿದ್ದೇನೆ. ಒಂದು ಪಕ್ಕೆಯಿಂದ ಇನ್ನೊಂದು ಪಕ್ಕೆಯವರೆಗೆ ಕೊಯ್ದು, ಹೆಚ್ಚಾದದ್ದನ್ನು ಕತ್ತರಿಸಿ, ಮೇಲಿನದನ್ನು ಕೆಳಕ್ಕೆಳೆದು ಹೊಲಿದಿದ್ದಾರೆ. ನಿಮಗೆ ಇದಕ್ಕಿಂತ ಬಿಡಿಸಿ ಹೇಳಬೇಕಾಗಿಲ್ಲ. ಎರಡೂ ಕಡೆ ಕೊಳವೆ ಇಟ್ಟಿದ್ದಾರೆ, ಒಳಗಿನ ಕೆಂಪು ನೀರು ಅದರ ತುದಿಯ ಪ್ಲಾಸ್ಟಿಕ್ ಬುರುಡೆಗೆ ಇಳಿಯುತ್ತದೆ. ನೆಟ್ಟಗೆ ನಿಂತರೆ ಹೊಲಿಗೆ ಎಳೆಯುತ್ತದೆ, ಹಾಗಾಗಿ ಕಳೆದುಹೋದ ಸೂಜಿ ಹುಡುಕುವವನ ಹಾಗೆ ಬಗ್ಗಿಕೊಂಡೇ ಮನೆಯೊಳಗೆ ಓಡಾಡುತ್ತೇನೆ.

ಬರೆಯಲು ಕಾರಣ ಇದು. ಹೊಟ್ಟೆಗೆ ಸದಾ ಒಂದು ಅಗಲ ಪಟ್ಟಿ ಕಟ್ಟಿಕೊಂಡಿರಬೇಕು, ಇಲ್ಲದಿದ್ದರೆ ಚರ್ಮದ ಕೆಳಗೆ ನೀರು ತುಂಬುತ್ತದೆ. ಆಸ್ಪತ್ರೆಯವರು ಕೊಟ್ಟದ್ದು ಮೇಲಕ್ಕೆ ಸರಿದು ಸುರುಳಿಯಾಗುತ್ತದೆ, ಅಂಚು ಕೊರೆಯುತ್ತದೆ. ನಿಮ್ಮ ಹಾಗೆ ಹೊಲಿಯುವವರು ಇಲ್ಲಿ ಯಾರೂ ಇಲ್ಲ. ಗಟ್ಟಿ ಬಟ್ಟೆಯಲ್ಲಿ, ಪಕ್ಕಕ್ಕೆ ಎಲಾಸ್ಟಿಕ್ ಕೊಟ್ಟು ಒಂದು ಪಟ್ಟಿ ಹೊಲಿದು ಕಳಿಸುತ್ತೀರಾ? ಅಳತೆ: ಪಕ್ಕೆಲುಬಿನ ಕೆಳಗೆ ನಲವತ್ತೊಂದು, ಸೊಂಟ ಮೂವತ್ತೆಂಟು, ಸೊಂಟದ ಮೂಳೆಯ ಮೇಲೆ ನಲವತ್ತಮೂರು.

ಹುಕ್ಕು ಒಂದೇ ಸಾಲು ಸಾಕು. ಮತ್ತೆ, ದಯವಿಟ್ಟು ಒಳಗೆ ಬಟ್ಟೆ ಬಿಡಬೇಡಿ. ಚಿಕ್ಕಂದಿನಿಂದ ನನ್ನ ಒಂದೊಂದು ಅಂಗಿಯಲ್ಲೂ, ಚಡ್ಡಿಯಲ್ಲೂ ನೀವು ಮೂರು ಬೆರಳು ಬಟ್ಟೆ ಒಳಗೆ ಮಡಚಿ ಬಿಡುತ್ತಿದ್ದಿರಿ, ಮುಂದೆ ಬಿಚ್ಚಿ ಅಗಲ ಮಾಡಲು. ನಾನು ಇನ್ನೂ ಊದುತ್ತೇನೆ ಎಂದು ನಿಮಗೆ ಅಷ್ಟು ನಂಬಿಕೆ. ಇದೊಂದನ್ನು ನಾನು ಹೇಳಿದ ಅಳತೆಗೆ ಹೊಲಿಯಿರಿ.

ಇಂತಿ,
ನಿಮ್ಮ ಮಗ


ಫೆಬ್ರವರಿ 20

ಮಗನೇ,

ಇದರ ಮೇಲೆ ಗೀಚಿ ಹೊಡೆದುಹಾಕಿರುವುದು "ಗುಂಡ" ಎಂದು. ಪೆನ್ನು ತಾನಾಗಿ ಬರೆದುಬಿಟ್ಟಿತು. ನಿನಗೆ ಆ ಹೆಸರು ಆಗುವುದಿಲ್ಲ, ಗೊತ್ತು. ಈಗ ಒಪ್ಪುವುದೂ ಇಲ್ಲವಂತಲ್ಲ.

ಪತ್ರ ಬಂದಾಗ ಕತ್ತರಿ ಹಾಕುತ್ತಾ ಇದ್ದೆ. ನಿನ್ನ ಅಕ್ಷರ ಕಂಡು ಕತ್ತರಿ ಕೆಳಗಿಡುವುದೂ ಮರೆತೆ. ಓದಿ ಮುಗಿಸುವಷ್ಟರಲ್ಲಿ ಒಬ್ಬ ದಲ್ಲಾಳಿಯ ಕೋಟಿನ ತೋಳು ಅಡ್ಡಡ್ಡ ಕತ್ತರಿಸಿಟ್ಟಿದ್ದೆ. ಅವನು ಬಂದು ಕೂಗಾಡಿದ. ಕಿವಿ ಕೇಳದಿರುವುದರಿಂದ ಏನೆಲ್ಲ ಲಾಭ ಇದೆ ಅಂತ ನಿನಗೆ ತಿಳಿಯದು.

ನಿನ್ನ ಮೇಲೆ ಸಿಟ್ಟು ಇಳಿದಿದೆ ಅಂತ ತಿಳಿಯಬೇಡ. ಒಂದು ಸಲ ಕೊಯ್ಸಿಕೊಂಡದ್ದು ಸಾಲದೆ ಎರಡನೇ ಸಲವೂ ಹೇಳದೆ ಕೇಳದೆ ಹೋಗಿ ಮಲಗಿದ್ದೀಯ. ಮೇಜಿನ ಮೇಲೆ ಹೆಚ್ಚುಕಡಿಮೆ ಏನಾದರೂ ಆಗಿದ್ದರೆ ನನಗೆ ಯಾರು ಹೇಳುತ್ತಿದ್ದರು? ಟಿಕೆಟ್ ಕೊಳ್ಳಲು ಬಂದವರೇ?

ಪಟ್ಟಿ ಇದರ ಜೊತೆ ಇದೆ. ಎರಡು ಪದರ ಕ್ಯಾನ್ವಾಸು, ಮೈಗೆ ತಾಗುವ ಕಡೆ ಹತ್ತು ಸಲ ಒಗೆದ ಹತ್ತಿ ಬಟ್ಟೆ. ಅಂಚಿನ ಹೊಲಿಗೆ ಮೈಗೆ ತಾಗದ ಹಾಗೆ ಹೊರಕ್ಕೆ ಮಡಚಿದ್ದೇನೆ. ಹುಕ್ಕು ಒಂದೇ ಸಾಲು. ಒಳಗೆ ಬಟ್ಟೆ ಬಿಟ್ಟಿಲ್ಲ. ನೀನು ಹೇಳಿದ ಅಳತೆಗೇ ಹೊಲಿದಿದ್ದೇನೆ. ಕೊಳವೆಯ ಬುರುಡೆ ಇಟ್ಟುಕೊಳ್ಳಲು ಎರಡು ಜೇಬು ನನ್ನ ಬುದ್ಧಿ, ನೀನು ಕೇಳಿರಲಿಲ್ಲ.

ಜೊತೆಗೆ ಯಾರಿದ್ದಾರೆ? ಅನ್ನ ನೀರು ನೋಡಿಕೊಳ್ಳುವವರು ಯಾರು? ಇದಕ್ಕೆ ಉತ್ತರ ಬರೆ. ಬಿಗಿ ಅನ್ನಿಸಿದರೆ ಬಿಗಿ ಅಂತಲೇ ಬರೆ.

ನಿನ್ನ ಅಪ್ಪ


ಮಾರ್ಚ್ 1

ಅಪ್ಪ,

ಪಟ್ಟಿ ಬಂತು. ಇಂಥದ್ದನ್ನು ಆಸ್ಪತ್ರೆಯವರೂ ನೋಡಿರಲಾರರು. ಒಂದು ಎಳೆ ದಾರವೂ ಮೈಗೆ ತಾಗುವುದಿಲ್ಲ. ಜೇಬು ನೋಡಿ ನಗು ಬಂತು, ನಕ್ಕರೆ ಹೊಲಿಗೆ ಎಳೆಯುತ್ತದೆ, ಆದರೂ ನಕ್ಕೆ.

ಪಕ್ಕದ ಕೌಂಟರಿನಲ್ಲಿ ಕೂರುವವಳು ಹಾಲು, ಮೊಟ್ಟೆ ತಂದುಕೊಟ್ಟು ಹೋಗುತ್ತಾಳೆ. ಒಳ್ಳೆಯವಳು, ಬಾಯಿ ಮಾತ್ರ ಸುಮ್ಮನಿರುವುದಿಲ್ಲ. ಅವಳೇ ಎರಡು ತುದಿ ಎಳೆದು ಹಿಡಿದಳು, ನಾನು ಉಸಿರು ಒಳಕ್ಕೆಳೆದುಕೊಂಡು ಹುಕ್ಕು ಹಾಕಿಕೊಂಡೆ. "ಇದು ತುಂಬಾ ಬಿಗಿ ಆಗ್ಲಿಲ್ವಾ?" ಅಂದಳು. "ಬಿಗಿ ಇರ್ಲಿ ಅಂತಾನೇ ಅಲ್ವಾ ಇದು" ಅಂದೆ. ನೋವೇನೂ ಇಲ್ಲ. ಕೊಯ್ದ ಮೇಲೆ ಹೊಟ್ಟೆಯ ಚರ್ಮಕ್ಕೆ ಏನೂ ತಿಳಿಯುವುದಿಲ್ಲ, ಚಿವುಟಿದರೆ ಬೇರೆ ಯಾರನ್ನೋ ಚಿವುಟಿದ ಹಾಗಿರುತ್ತದೆ. ನರಗಳು ಕೂಡಿಕೊಳ್ಳಬೇಕಂತೆ, ತಡವಾಗುತ್ತದಂತೆ.

ಅಪ್ಪ, ಕನ್ನಡಿಯ ಮುಂದೆ ನಿಂತು ನೋಡಿಕೊಂಡೆ. ನನಗೆ ಸೊಂಟ ಇದೆ. ತಲೆ ಬಗ್ಗಿಸಿದರೆ ನನ್ನ ಕಾಲ್ಬೆರಳು ಕಾಣುತ್ತವೆ. ಇಷ್ಟು ವರ್ಷ ಅವು ಅಲ್ಲಿದ್ದವೆಂದು ನಂಬಿಕೆಯ ಮೇಲೆ ಬದುಕಿದ್ದೆ. ಮಲಗುವಾಗಲೂ ಪಟ್ಟಿ ಬಿಚ್ಚುತ್ತಿಲ್ಲ. ಬಿಚ್ಚಿದರೆ ಹಳೆಯ ಹೊಟ್ಟೆ ಬಂದು ಕೂತುಬಿಡುತ್ತದೇನೋ ಎಂದು ಹೆದರಿಕೆ.

ಬಿಗಿ ಇಲ್ಲ. ಸರಿಯಾಗಿದೆ.

ನಿಮ್ಮ ಮಗ


ಮಾರ್ಚ್ 18

ಅಪ್ಪ,

ಮಲಗಿಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಹೇಗೋ ಓದಿಕೊಳ್ಳಿ.

ಹೊಲಿಗೆಯ ಮಧ್ಯಭಾಗ, ಹೊಕ್ಕುಳಿನ ಕೆಳಗೆ, ಕಪ್ಪಾಗಿತ್ತು. ಮೊದಲು ನೇರಳೆ, ಆಮೇಲೆ ಕಪ್ಪು. ಒಣಗಿದ ರಕ್ತವೆಂದುಕೊಂಡೆ. ನೋವು ಬರಲಿಲ್ಲವಲ್ಲ, ಹಾಗಾಗಿ ಹೆದರಲೂ ಇಲ್ಲ. ಡ್ರೆಸಿಂಗಿಗೆ ಹೋದಾಗ ಸಿಸ್ಟರು ಪಟ್ಟಿ ನೋಡಿದವರೇ ವೈದ್ಯರನ್ನು ಕರೆದರು. ಹುಕ್ಕು ಬಿಚ್ಚಲು ಆಗಲಿಲ್ಲ, ಊತ ಅಷ್ಟಿತ್ತು. ಕತ್ತರಿಯಿಂದ ಕತ್ತರಿಸಿ ತೆಗೆದರು.

"ಇದನ್ನ ಯಾರು ಹಾಕ್ಕೊಳ್ಳೋಕೆ ಹೇಳಿದ್ದು ನಿಮಗೆ?" ಅಂದರು ವೈದ್ಯರು. "ಚರ್ಮಕ್ಕೆ ರಕ್ತ ಹೋಗೋಕೆ ಜಾಗ ಬೇಡ್ವೇನ್ರೀ?"

ಸತ್ತ ಚರ್ಮವನ್ನು ಅಲ್ಲೇ ಕತ್ತರಿಸಿ ತೆಗೆದರು. ಅರಿವಳಿಕೆ ಬೇಕಾಗಲಿಲ್ಲ, ನನಗೆ ಏನೂ ಗೊತ್ತಾಗಲಿಲ್ಲ, ನೋಡುತ್ತಾ ಮಲಗಿದ್ದೆ. ಈಗ ಅಲ್ಲಿ ಒಂದು ಗುಂಡಿ ಇದೆ, ನನ್ನ ಮುಷ್ಟಿ ಹಿಡಿಸುವಷ್ಟು. ಮತ್ತೆ ಹೊಲಿಯುವ ಹಾಗಿಲ್ಲವಂತೆ, ಒಳಗಿನಿಂದ ತಾನೇ ತುಂಬಿಕೊಂಡು ಬರಬೇಕಂತೆ. ದಿನಾ ಹಳೆಯ ಬಟ್ಟೆ ಎಳೆದು ತೆಗೆದು ಹೊಸ ಬಟ್ಟೆ ತುರುಕುತ್ತಾರೆ.

ಬರಬೇಡಿ. ಬರೆಯಲೂ ಬೇಡಿ.

ನಿಮ್ಮ ಮಗ


ಮಾರ್ಚ್ 27

ಮಗನೇ,

ಬರೆಯಬೇಡ ಅಂದಿದ್ದೀಯ. ಬರೆಯದೆ ಏನು ಮಾಡಲಿ?

ಪಟ್ಟಿಯಿಂದ ಆಯಿತಾ? ಅದೊಂದು ಮಾತು ಹೇಳು. ಅಡ್ಡ ಉತ್ತರ ಬೇಡ, ಹೌದು ಇಲ್ಲ ಅಂತ ಬರೆದರೆ ಸಾಕು. ಆ ಪಟ್ಟಿ ಕತ್ತರಿಸಲು ತೆಗೆದ ಕಾಗದದ ಅಚ್ಚು ಇಟ್ಟುಕೊಂಡು ದಿನಾ ನೋಡುತ್ತಿದ್ದೇನೆ. ಮೇಜಿನ ಮೇಲೆ ಹಾಸುತ್ತೇನೆ, ಮಡಚಿಡುತ್ತೇನೆ. ಕಾಜ ಹಾಕುವ ಮುದುಕ, ನನಗಿಂತ ಹಿರಿಯ, ಅವನಿಗೂ ಗೊತ್ತಾಗಿದೆ. "ಹೋಗಿ ಬನ್ನಿ ಮಾರಾಯ್ರೇ, ಅಂಗಡಿ ಎಲ್ಲೂ ಓಡಿ ಹೋಗಲ್ಲ" ಎಂದು ಕೈಸನ್ನೆಯಲ್ಲಿ ಹೇಳಿದ. ಹೋದರೆ ಯಾವ ಮುಖ ಇಟ್ಟುಕೊಂಡು ಹೋಗಲಿ?

ಮೊಟ್ಟೆ ತಿನ್ನು. ಹಾಲು ಕುಡಿ. ಗಾಯ ತುಂಬಲು ಅದು ಬೇಕು ಅಂತ ಇಲ್ಲಿಯ ಡಾಕ್ಟರನ್ನು ಕೇಳಿಕೊಂಡು ಬಂದೆ. ಚಿಕ್ಕ ಮಾಡಿಸಿಕೊಂಡ ಹೊಟ್ಟೆಯಲ್ಲಿ ಎಷ್ಟು ಹಿಡಿಸುತ್ತದೋ ಅಷ್ಟು, ಚೂರು ಚೂರಾಗಿ. ನಿನ್ನ ಊಟಕ್ಕೆ ಕಣ್ಣು ಹಾಕಿ ಬೈದವನು ನಾನೇ, ಈಗ ತಿನ್ನು ತಿನ್ನು ಅಂತ ಬೇಡಿಕೊಳ್ಳುವ ಹಾಗಾಯಿತು.

ನಾನು ಬರಲಾ? ಒಂದು ಸಾಲು ಬರೆ.

ಅಪ್ಪ


ಮೇ 9

ಅಪ್ಪ,

ಕೇಳಿದ್ದೀರಲ್ಲ, ಇಗೋ ಉತ್ತರ. ಹೌದು. ಪಟ್ಟಿಯಿಂದಲೇ ಆಯಿತು.

ಗಾಯ ತುಂಬುತ್ತಿಲ್ಲ. ಒಂದು ಕಡೆ ಕೆಂಪಾಗಿ ಚಿಗುರಿದರೆ ಇನ್ನೊಂದು ಕಡೆ ಕೀವಾಗುತ್ತದೆ. ರಕ್ತದಲ್ಲಿ ಸತ್ವ ಇಲ್ಲವಂತೆ, ಎರಡು ವರ್ಷ ಹಕ್ಕಿಯ ಹಾಗೆ ತಿಂದು ಬದುಕಿದವನಿಗೆ ಎಲ್ಲಿಂದ ಬರಬೇಕು. ಮೊಟ್ಟೆ ಬಾಯಿಗಿಟ್ಟರೆ ವಾಕರಿಕೆ. ರಜೆ ಮುಗಿಯಿತು, ಸಂಬಳವಿಲ್ಲದ ರಜೆ ಶುರುವಾಯಿತು, ಕೌಂಟರಿನಲ್ಲಿ ನನ್ನ ಕುರ್ಚಿಗೆ ಬೇರೆ ಯಾರೋ ಬಂದಿದ್ದಾರೆ. ಕೋಣೆಯಲ್ಲಿ ಆ ವಾಸನೆ ತುಂಬಿದೆ. ಕಿಟಕಿ ತೆಗೆದರೂ ಹೋಗುವುದಿಲ್ಲ, ಅದು ಕೋಣೆಯದ್ದಲ್ಲ, ನನ್ನದು.

ಎರಡು ವರ್ಷ ಹಸಿದೆ ಅಪ್ಪ. ಹೊಟ್ಟೆಯಲ್ಲಿ ಹುಳ ಬಿದ್ದವನ ಹಾಗೆ ಹಸಿದೆ. ಜನ ಊಟ ಮಾಡುವುದನ್ನು ನೋಡಲಾಗದೆ ಬೇರೆ ಬೀದಿಯಿಂದ ಮನೆಗೆ ಬರುತ್ತಿದ್ದೆ. ಈ ಗುಂಡಿಗೋಸ್ಕರವೇ? ಆ ಜೋತುಬಿದ್ದ ಚರ್ಮ ನಾರುತ್ತಿತ್ತು, ನಿಜ, ಆದರೆ ಅದು ಇಡಿಯಾಗಿತ್ತು.

ನಾನು ಹುಟ್ಟಿದಾಗಿನಿಂದ ನೀವು ನನ್ನ ಒಂದು ಮಾತೂ ಕೇಳಿದವರಲ್ಲ. ಅಂಗಡಿಗೆ ಬಂದವರೆಲ್ಲರ ಮುಂದೆ ಗುಂಡ ಎಂದು ಕರೆಯಬೇಡಿ ಅಂದೆ, ಕೇಳಲಿಲ್ಲ. ಶಾಲೆಯ ಹುಡುಗರ ಎದುರಿಗೆ ಟೇಪು ಸುತ್ತಿ ಅಳತೆ ಕೂಗಬೇಡಿ ಅಂದೆ, ಕೇಳಲಿಲ್ಲ. ಬಟ್ಟೆ ಬಿಡಬೇಡಿ ಎಂದು ಎಷ್ಟು ಸಲ ಅತ್ತೆ, ಕೇಳಲಿಲ್ಲ. ಜೀವಮಾನದಲ್ಲಿ ಒಂದೇ ಒಂದು ಸಲ ನನ್ನ ಮಾತು ಕೇಳಿದಿರಿ, ನೋಡಿ, ಏನಾಯಿತು. ಎರಡು ಬೆರಳು ಬಿಟ್ಟಿದ್ದರೆ ಬಿಚ್ಚಿ ಸಡಿಲ ಮಾಡಿಕೊಳ್ಳುತ್ತಿದ್ದೆ. ಯಾವತ್ತೂ ಬಿಡುತ್ತಿದ್ದವರು ಈ ಸಲ ಯಾಕೆ ಬಿಡಲಿಲ್ಲ?

ಬೆಳಿಗ್ಗೆ ಎಚ್ಚರವಾಗದೆ ಹೋದರೆ ಒಳ್ಳೆಯದಿತ್ತು ಎನ್ನಿಸುತ್ತದೆ. ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ, ನಿಮಗೆ ನೋವಾಗಲಿ ಎಂದೇ ಹೇಳುತ್ತಿದ್ದೇನೆ.

ಇನ್ನು ಬರೆಯುವುದಿಲ್ಲ.


ಜೂನ್ 12

ಹಿರಿಯರಿಗೆ,

ನೀವು ನನ್ನನ್ನು ಕಂಡಿಲ್ಲ. ನಿಮ್ಮ ಮಗನ ಪಕ್ಕದ ಕೌಂಟರಿನಲ್ಲಿ ಕೂರುವವಳು ನಾನು. ಪಟ್ಟಿ ಬಂದ ಪಾರ್ಸಲಿನ ಮೇಲೆ ನಿಮ್ಮ ವಿಳಾಸ, ಫೋನ್ ನಂಬರು ಇತ್ತು, ಅದನ್ನು ಹರಿದಿಟ್ಟುಕೊಂಡಿದ್ದೆ, ಯಾಕೋ ಬೇಕಾಗುತ್ತದೆ ಅನ್ನಿಸಿತ್ತು.

ಮೊನ್ನೆ ನಿಮ್ಮ ಅಂಗಡಿಗೆ ಫೋನ್ ಮಾಡಿದೆ. ನಾನು ಮಗನ ವಿಷಯ ಎಂದು ಕೂಗಿ ಕೂಗಿ ಹೇಳುತ್ತಿದ್ದರೆ ನೀವು "ಪ್ಯಾಂಟು ಶುಕ್ರವಾರ ಸಿಗುತ್ತೆ, ಶುಕ್ರವಾರ ಬನ್ನಿ" ಎಂದು ಹೇಳಿ ಇಟ್ಟುಬಿಟ್ಟಿರಿ. ಮತ್ತೆ ಮಾಡಿದರೂ ಅದೇ ಪ್ಯಾಂಟು, ಅದೇ ಶುಕ್ರವಾರ. ಅದಕ್ಕೆ ಬರೆಯುತ್ತಿದ್ದೇನೆ.

ನಿಮ್ಮ ಮಗ ಡ್ರೆಸಿಂಗಿಗೆ ಹೋಗುವುದನ್ನು ನಿಲ್ಲಿಸಿದ್ದಾರೆ. ಕದ ತೆಗೆಯುವುದಿಲ್ಲ. ನಾನು ಹೊರಗಿಟ್ಟ ಊಟ ಹಾಗೇ ಇರುತ್ತದೆ. ಆಸ್ಪತ್ರೆಯ ಸಿಸ್ಟರು ಕೇಳಿದರು, "ಹೀಗೇ ಬಿಟ್ರೆ ನಂಜು ಮೈಗೆಲ್ಲ ಏರುತ್ತೆ, ಅವರಿಗೆ ಯಾರೂ ಇಲ್ವಾ?" ಎಂದು. ಇದ್ದಾರೆ ಅಂದೆ. ನಿಮ್ಮನ್ನು ಕರೆಸಲೇ ಎಂದು ಕದದ ಹೊರಗಿಂದ ಕೇಳಿದ್ದಕ್ಕೆ, "ಅವರಿಗೆ ಹೇಳಿದರೆ ನಿಮ್ಮ ಮುಖ ಇನ್ನೊಂದು ಸಲ ನೋಡೊಲ್ಲ" ಅಂದರು. ನೋಡದಿದ್ದರೆ ಬೇಡ. ಬದುಕಿದ್ದು ನೋಡದೆ ಇರಲಿ.

ಬೇಗ ಬನ್ನಿ. ನಾನು ಬಾಯಿಬಡುಕಿ ಎಂದು ಅವರು ಬರೆದಿರಬಹುದು. ಇದು ಆ ಥರದ ಮಾತಲ್ಲ.

ಇಂತಿ,
ಪಕ್ಕದ ಕೌಂಟರಿನವಳು


ಜೂನ್ 17
ನಿನ್ನ ಕದದ ಹೊರಗೆ, ಮೆಟ್ಟಿಲ ಮೇಲೆ ಕೂತು

ಮಗನೇ,

ಕದ ತಟ್ಟಿ ತಟ್ಟಿ ಕೈ ಊದಿದೆ. ನೀನು ಒಳಗಿನಿಂದ ಏನೋ ಹೇಳುತ್ತಿದ್ದೀಯ ಅಂತ ಪಕ್ಕದ ಕೌಂಟರಿನ ಈ ಹುಡುಗಿ ಕೈಸನ್ನೆ ಮಾಡುತ್ತಾಳೆ. ನನಗೆ ಕೇಳುವುದಿಲ್ಲ. ಕೇಳುವುದಾಗಿದ್ದರೂ ಹೋಗುತ್ತಿರಲಿಲ್ಲ. ಅಚ್ಚು ತೆಗೆಯುವ ಕಾಗದ ಚೀಲದಲ್ಲಿತ್ತು, ಅದರ ಮೇಲೆ ಬರೆದು ಕದದ ಕೆಳಗೆ ತಳ್ಳುತ್ತಿದ್ದೇನೆ. ನೀನೂ ಏನಿದ್ದರೂ ಬರೆದು ತಳ್ಳು.

ನಿನ್ನ ಮೇ ತಿಂಗಳ ಪತ್ರಕ್ಕೆ ಉತ್ತರ ಬರೆದು ಬರೆದು ಹರಿದೆ. ಯಾಕೆ ಬಟ್ಟೆ ಬಿಡಲಿಲ್ಲ ಅಂತ ಕೇಳಿದ್ದೀಯ. ಹೇಳುತ್ತೇನೆ, ಓದಿದ ಮೇಲೆ ಕದ ತೆಗೆಯುವುದು ಬಿಡುವುದು ನಿನಗೆ ಸೇರಿದ್ದು.

ನೀನು ಕಳಿಸಿದ ಅಳತೆ ಸುಳ್ಳು ಅಂತ ಓದಿದ ಕ್ಷಣವೇ ನನಗೆ ಗೊತ್ತಾಯಿತು. ಪಕ್ಕೆಲುಬಿನ ಕೆಳಗೆ ನಲವತ್ತೊಂದು, ಮೂಳೆಯ ಮೇಲೆ ನಲವತ್ತಮೂರು, ನಡುವೆ ಮೂವತ್ತೆಂಟು. ಕೊಯ್ದು ಊದಿಕೊಂಡ ಹೊಟ್ಟೆ ಹಾಗಿರುತ್ತದೇನೋ? ಬಟ್ಟೆ ಅಂಗಡಿಯ ಗಾಜಿನೊಳಗೆ ನಿಲ್ಲಿಸಿರುವ ಗೊಂಬೆ ಹಾಗಿರುತ್ತದೆ. ಇಷ್ಟು ವರ್ಷ ಟೇಪು ಹಿಡಿದವನು ನಾನು, ನನಗೆ ತಿಳಿಯದೇ?

ನಲವತ್ತೆರಡು ಇಂಚಿಗೆ ಅಚ್ಚು ಕತ್ತರಿಸಿಯೂ ಆಗಿತ್ತು, ಹುಕ್ಕು ಎರಡು ಸಾಲು ಅಂತ ಗುರುತೂ ಹಾಕಿದ್ದೆ. ಆಮೇಲೆ ನಿನ್ನ ಪತ್ರ ಇನ್ನೊಂದು ಸಲ ಓದಿದೆ. "ನಾನು ಇನ್ನೂ ಊದುತ್ತೇನೆ ಎಂದು ನಿಮಗೆ ಅಷ್ಟು ನಂಬಿಕೆ" ಅಂತ ಬರೆದಿದ್ದೆಯಲ್ಲ, ಅದನ್ನು. ಮನೆ ಬಿಟ್ಟು ಹೋದ ಮಗ ಬಾಯಿ ಬಿಟ್ಟು ಒಂದು ಕೇಳಿದ್ದಾನೆ, ಅದಕ್ಕೂ ನಾನು ಇಲ್ಲ, ನಿನ್ನ ಸೊಂಟ ಅಷ್ಟು ಸಣ್ಣ ಅಲ್ಲ ಅಂತ ತಿದ್ದಿ ಕಳಿಸಿದರೆ ಮತ್ತೆ ಬರೆಯುತ್ತಾನೋ ಇಲ್ಲವೋ ಅಂತ ಹೆದರಿದೆ. ಆ ಅಚ್ಚನ್ನು ಮುದುರಿ ಎಸೆದು ಮೂವತ್ತೆಂಟಕ್ಕೆ ಕತ್ತರಿಸಿದೆ. ಬಿಗಿಯಾದರೆ ಬರೆ ಅಂತ ಒಂದು ಸಾಲು ಸೇರಿಸಿ ಕೈ ತೊಳೆದುಕೊಂಡೆ. ನೀನು ಸರಿಯಾಗಿದೆ ಅಂತ ಬರೆದಾಗಲೂ ಎದೆಯಲ್ಲಿ ಅಳುಕಿತ್ತು. ಖುಷಿಯಾಗಿದ್ದೀಯಲ್ಲ ಅಂತ ಸುಮ್ಮನಾದೆ.

ಇನ್ನೊಂದು ವಿಷಯ. ಬಟ್ಟೆ ಒಳಗೆ ಬಿಡುವುದು ನಿನಗೊಬ್ಬನಿಗೆ ಅಂತ ತಿಳಿದಿದ್ದೀಯ. ಕಡ್ಡಿಯ ಹಾಗಿರುವವನಿಗೂ ಬಿಡುತ್ತೇನೆ. ಮನುಷ್ಯ ಕೂರುತ್ತಾನೆ, ಏಳುತ್ತಾನೆ, ಉಣ್ಣುತ್ತಾನೆ, ಉಸಿರಾಡುತ್ತಾನೆ, ಅವನ ಜೊತೆ ಬಟ್ಟೆಯೂ ಅಷ್ಟು ದಿನ ಬಾಳಬೇಕು. ಬಿಡದೆ ಹೊಲಿದದ್ದು ಒಂದೇ ಸಲ, ನಿನ್ನ ಅಮ್ಮನಿಗೆ, ಕೊನೆಯ ದಿನ ಉಡಿಸಿದ ಬಟ್ಟೆ. ಇನ್ನು ಅವಳು ಕೂರುವುದೂ ಇಲ್ಲ ಏಳುವುದೂ ಇಲ್ಲ ಅಂತ ಬಿಡಲಿಲ್ಲ. ಅದಾದ ಮೇಲೆ ನಿನ್ನ ಪಟ್ಟಿ. ಹೊಲಿಯುವಾಗ ಅದು ನೆನಪಾಯಿತು, ಆದರೂ ಹೊಲಿದೆ.

ತಪ್ಪು ಮನ್ನಿಸು ಅಂತ ಕೇಳಲು ಬಂದಿಲ್ಲ. ನೀನು ಹೀಗೆ ಮಲಗಿಬಿಟ್ಟರೆ ನನಗೆ ಇನ್ನು ಹೊಲಿಯಲು ಯಾರೂ ಇಲ್ಲ. ಕದ ತೆಗಿ.

ಅಪ್ಪ


(ಒಳಗಿನಿಂದ ಬಂದ ಚೀಟಿ)

ಹೋಗಿ ಅಪ್ಪ. ಜ್ವರ ಇದೆ. ತುಂಬಾ ವಾಸನೆ ಬರುತ್ತಿದೆ. ನೀವು ಇದನ್ನು ನೋಡಬಾರದು. ನನ್ನನ್ನು ಹೀಗೆ ಯಾರೂ ನೋಡಬಾರದು.


(ಅದೇ ಚೀಟಿಯ ಹಿಂಬದಿಯಲ್ಲಿ ಅಪ್ಪ ಬರೆದು ಒಳಕ್ಕೆ ತಳ್ಳಿದ್ದು)

ಜೀವಮಾನವೆಲ್ಲ ಜನರ ಕಂಕುಳ ಕೆಳಗೆ ಟೇಪು ಸುತ್ತಿದವನಿಗೆ ವಾಸನೆಯ ಮಾತು ಹೇಳುತ್ತೀಯಾ? ನೀನು ಹುಟ್ಟಿದ ದಿನ ನಿನಗೆ ಇದಕ್ಕಿಂತ ಕೆಟ್ಟ ವಾಸನೆ ಇತ್ತು, ಆಗಲೂ ಮೊದಲು ಎತ್ತಿಕೊಂಡವನು ನಾನೇ. ಈ ಹುಡುಗಿ ಆಟೊ ನಿಲ್ಲಿಸಿಕೊಂಡಿದ್ದಾಳೆ, ಆಸ್ಪತ್ರೆಗೆ ಹೋಗೋಣ. ನನಗೆ ಮಂಡಿ ನೋವು, ಈ ಮೆಟ್ಟಿಲ ಮೇಲೆ ಕೂತರೆ ಏಳಲಾಗುವುದಿಲ್ಲ. ನೀನೇ ಬಂದು ಎಬ್ಬಿಸಬೇಕು.


ಆಗಸ್ಟ್ 24

ಅಪ್ಪ,

ನೀವು ಹೊರಟು ಹೋದ ಮೇಲೆ ಕೋಣೆ ತುಂಬ ನಿಮ್ಮ ಚಾಕ್‌ಪೀಸಿನ ಪುಡಿ ಸಿಗುತ್ತಿದೆ. ಕಿಟಕಿಯ ಮೇಲೆ, ತಲೆದಿಂಬಿನ ಕೆಳಗೆ, ಒಂದು ತುಂಡು ಸಕ್ಕರೆ ಡಬ್ಬಿಯ ಒಳಗೂ. ಇಷ್ಟು ವಾರ ಇಲ್ಲಿದ್ದು ನೀವು ಹೊಲಿದದ್ದಾದರೂ ಏನು ಎಂದು ಯೋಚಿಸಿದೆ. ಪಕ್ಕದ ಕೌಂಟರಿನವಳ ಮನೆಗೆ ಪರದೆ ಹೊಲಿದಿರಂತೆ, ಅವಳೇ ಹೇಳಿದಳು. ಅವಳ ಮುಖ ನೋಡೊಲ್ಲ ಅಂದಿದ್ದೆನಲ್ಲ, ದಿನಾ ಎರಡು ಹೊತ್ತು ಬಂದು ತೋರಿಸಿಕೊಂಡು ಹೋಗುತ್ತಾಳೆ.

ಸುಧಾರಿಸಿದೆ ಎಂದು ಬರೆದು ನಿಮ್ಮನ್ನು ಸಮಾಧಾನ ಮಾಡುವುದಿಲ್ಲ. ಗುಂಡಿ ಚಿಕ್ಕದಾಗಿದೆ, ಈಗ ಮುಷ್ಟಿ ಹಿಡಿಸುವುದಿಲ್ಲ, ಎರಡು ಬೆರಳು ಇಳಿಯುತ್ತವೆ. ಮುಚ್ಚಿಕೊಂಡರೂ ಅಲ್ಲಿ ಹಳ್ಳ ಉಳಿಯುತ್ತದಂತೆ, ಬೇಕಾದರೆ ಮುಂದೆ ಇನ್ನೊಂದು ಸಲ ಕೊಯ್ದು ಸರಿಮಾಡಬಹುದಂತೆ. ಸದ್ಯಕ್ಕೆ ಕೊಯ್ಯುವ ಮಾತೇ ಬೇಡ ಅಂದೆ. ಕೆಲಸಕ್ಕೆ ಯಾವಾಗ ಹೋಗುತ್ತೇನೋ ತಿಳಿಯದು. ಕೆಲವು ಬೆಳಿಗ್ಗೆ ಈಗಲೂ ಏಳುವುದೇ ಬೇಡ ಎನ್ನಿಸುತ್ತದೆ. ಅಂಥ ದಿನ ಸಿಸ್ಟರಿಗೆ ಹೇಳುತ್ತೇನೆ, ನಿಮಗೆ ಮಾತು ಕೊಟ್ಟ ಹಾಗೆ. ಅವರು ಕೆಲಸ ನಿಲ್ಲಿಸಿ ಕೂತು ಕೇಳುತ್ತಾರೆ. ಹೇಳಿಕೊಂಡ ಮೇಲೆ ಡ್ರೆಸಿಂಗ್ ಆಗುತ್ತದೆ, ಮೊಟ್ಟೆ ತಿನ್ನುತ್ತೇನೆ, ಮಧ್ಯಾಹ್ನವಾಗುತ್ತದೆ.

ಅವತ್ತು ಕದ ತೆಗೆದಾಗ ನೀವು ಹೊಟ್ಟೆಯ ಕಡೆ ನೋಡುತ್ತೀರೆಂದು ಕಣ್ಣು ಮುಚ್ಚಿಕೊಂಡಿದ್ದೆ. ನೀವು ನನ್ನ ಭುಜಕ್ಕೆ ಕೈ ಹಾಕಿ "ಹೆಗಲು ಇಷ್ಟು ಇಳಿದುಬಿಟ್ಟಿದೆ, ಅಂಗಿಯೆಲ್ಲ ಬಿಚ್ಚಿ ಹೊಲೀಬೇಕು" ಅಂದಿರಿ. ಅಷ್ಟು ಜ್ವರದಲ್ಲೂ ಅದು ಕೇಳಿಸಿತು. ಆಮೇಲೆ ನನ್ನನ್ನು ಹಿಡಿದುಕೊಂಡು ನೀವು ಅತ್ತದ್ದು ಕೇಳಿಸಿತು, ನಿಮಗೆ ನಿಮ್ಮ ಅಳುವಿನ ಸದ್ದು ಗೊತ್ತಿಲ್ಲ ಅಪ್ಪ, ಮೇಲಿನ ಮಹಡಿಯವರೂ ಬಂದು ನಿಂತಿದ್ದರು.

ವೈದ್ಯರು ಮತ್ತೆ ಪಟ್ಟಿ ಹಾಕಿಕೊಳ್ಳಬಹುದು ಅಂದಿದ್ದಾರೆ, ಸಡಿಲವಾಗಿ, ಅವರಿಗೆ ತೋರಿಸಿಯೇ. ಹೊಲಿದು ಕಳಿಸಿ. ಸಿಸ್ಟರೇ ಟೇಪು ಹಿಡಿದರು. ಡ್ರೆಸಿಂಗ್ ಬಟ್ಟೆಯ ಸಮೇತ, ಊಟ ಮಾಡಿದ ಮೇಲೆ, ಉಸಿರು ಹಿಡಿಯದೆ ತೆಗೆದ ಅಳತೆ ಇದು.

ಪಕ್ಕೆಲುಬಿನ ಕೆಳಗೆ ನಲವತ್ತು.
ಸೊಂಟ ನಲವತ್ತೆರಡು.
ಮೂಳೆಯ ಮೇಲೆ ನಲವತ್ತಮೂರು.

ಒಳಗೆ ಬಟ್ಟೆ ಬಿಡಿ. ಎಷ್ಟು ಎಂದು ನೀವೇ ನೋಡಿಕೊಳ್ಳಿ.

ಗುಂಡ